ವಿಡಿಯೊ ಆರ್ಕೇಡುಗಳ ವೈಭವಕಾಲ: ಭಯ ಮತ್ತು ಹಳಹಳಿಕೆ

ಕಳೆದುಹೋದುದನ್ನು ಕುರಿತು ಹಂಬಲಿಸುವುದು ಮನುಷ್ಯಸ್ವಭಾವಕ್ಕೆ ಸಹಜವಾದುದು. ಈ ಹಂಬಲಕ್ಕೆ ಪಾಶ್ಚಾತ್ಯರು ಇಟ್ಟ 'ನಾಸ್ಟಾಲ್ಜಿಯ' ಎಂಬ ಹೆಸರು ಅಷ್ಟು ಹಳೆಯದಲ್ಲ. ೧೬೮೮ರಲ್ಲಿ ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯವನ್ನು ವ್ಯಾಸಂಗ ಮಾಡುತ್ತಿದ್ದ ಯೊಹಾನೆಸ್ ಹೋಫರ್ ಎಂಬಾತನು ಮನೆಗೆ ಮರಳುವಿಕೆ, ನೋವು ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಈ ಪದವನ್ನು ನಿರ್ಮಿಸಿದನು. ಅವನ ದೃಷ್ಟಿಯಲ್ಲಿ ಅದು ತಾಯ್ನಾಡನ್ನು ಬಿಟ್ಟು ದೂರದಲ್ಲಿರುವವರಿಗೆ ಬರುವ ಒಂದು ರೋಗ. ಕಾಲಕ್ರಮದಲ್ಲಿ ಪದದ ಅರ್ಥವು ದೇಶದಿಂದ ಕಾಲಕ್ಕೆ ಸರಿಯಿತು. ಬಿಟ್ಟುಬಂದ ಊರಿಗಾಗಿ ಪಡುವ ನೋವು ಕಳೆದುಹೋದ ದಿನಗಳಿಗಾಗಿ ಪಡುವ ನೋವಾಯಿತು. ನಮ್ಮ ಭಾಷೆಯ 'ಹಳಹಳಿಕೆ' ಎಂಬ ಮಾತು ಈ ಎರಡನೆಯ ಅರ್ಥಕ್ಕೆ ಬಹಳ ಸಮೀಪವಾಗಿದೆ.

ಇಂಥ ಹಳಹಳಿಕೆಗೆ ಪಾತ್ರವಾದ ವಸ್ತುಗಳಲ್ಲಿ, ನಾಣ್ಯ ಹಾಕಿ ಆಡುವ ವಿಡಿಯೊ ಆಟದ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ ಮಳಿಗೆಯೂ ಒಂದು. ಅಮೆರಿಕದಲ್ಲಿ ಇದಕ್ಕೆ ಆರ್ಕೇಡ್ ಎಂದೂ, ಜಪಾನಿನಲ್ಲಿ ಗೇಮ್ ಸೆಂಟರ್ ಎಂದೂ ಹೆಸರು. ಇದರ ವೈಭವವು ಅಮೆರಿಕದಲ್ಲಿ ಹೆಚ್ಚೆಂದರೆ ಐದಾರು ವರ್ಷ ಉಳಿಯಿತು. ಆದರೆ ಅದನ್ನು ಕುರಿತ ನೆನಪು ನಾಲ್ಕು ದಶಕಗಳ ಮೇಲೂ ಮಾಸಿಲ್ಲ. ವಸ್ತುಸಂಗ್ರಹಾಲಯಗಳು, ಚಲನಚಿತ್ರಗಳು, ಗ್ರಂಥಗಳು ಆ ನೆನಪನ್ನು ಪೋಷಿಸುತ್ತ ಬಂದಿವೆ. ಇಷ್ಟು ಅಲ್ಪಾಯುವಾದ ಒಂದು ವ್ಯಾಪಾರವ್ಯವಸ್ಥೆ ಇಷ್ಟು ದೀರ್ಘವಾದ ಹಂಬಲವನ್ನು ಹುಟ್ಟಿಸಿದುದೇಕೆ, ಆ ಹಂಬಲದ ನಿಜವಾದ ವಸ್ತು ಯಾವುದು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

೧

ಆರ್ಕೇಡ್ ಎಂದರೆ ಮೂಲದಲ್ಲಿ ಕಮಾನುಗಳ ಸಾಲು. ಕಮಾನುಗಳ ಕೆಳಗಿನ ನಡೆದಾರಿಗೂ ಅದರ ಬದಿಯ ಅಂಗಡಿಸಾಲಿಗೂ ಆ ಹೆಸರು ಹರಡಿತು. ೧೯ನೆಯ ಶತಮಾನದ ಕೊನೆಯ ಹೊತ್ತಿಗೆ, ಒಂದು ಸಣ್ಣ ನಾಣ್ಯವನ್ನು ಹಾಕಿದರೆ ಚಲಿಸುವ ಚಿತ್ರವನ್ನೋ ಹಾಡನ್ನೋ ಒದಗಿಸುವ ಯಂತ್ರಗಳ ಅಂಗಡಿಗಳು ಅಮೆರಿಕದ ಪಟ್ಟಣಗಳಲ್ಲಿ ಹುಟ್ಟಿಕೊಂಡವು. ಇವೇ 'ಪೆನ್ನಿ ಆರ್ಕೇಡು'ಗಳು. ಆದಕಾರಣ ವಿಡಿಯೊ ಆಟಗಳು ಬರುವುದಕ್ಕೆ ಬಹಳ ಮೊದಲೇ ನಾಣ್ಯ, ಯಂತ್ರ, ಗುಂಪು ಈ ಮೂರೂ ಒಂದು ಸೂರಿನ ಕೆಳಗೆ ಕೂಡಿದ್ದವು.

ಇವುಗಳ ಜೊತೆಗೆ ಇನ್ನೊಂದು ಅಂಶವೂ ಕೂಡಿತ್ತು. ಅದು ಹಿರಿಯರ ಶಂಕೆ. ಪಿನ್‌ಬಾಲ್ ಎಂಬ ಗುಂಡಿನ ಆಟವನ್ನು ಜೂಜೆಂದು ಭಾವಿಸಿ ನ್ಯೂಯಾರ್ಕ್ ನಗರದಲ್ಲಿ ೧೯೪೨ರಲ್ಲಿ ನಿಷೇಧಿಸಲಾಯಿತು. ಆಗಿನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ ಈ ನಿಷೇಧದ ಮುಂದಾಳು. ಪೊಲೀಸರು ಯಂತ್ರಗಳನ್ನು ಸುತ್ತಿಗೆಯಿಂದ ಒಡೆದುಹಾಕಿದರು. ಈ ನಿಷೇಧವು ರದ್ದಾದುದು ೧೯೭೬ರಲ್ಲಿ. ನಗರಸಭೆಯ ಎದುರಿನಲ್ಲಿ ರೋಜರ್ ಶಾರ್ಪ್ ಎಂಬ ಆಟಗಾರನು ಗುಂಡು ಎತ್ತ ಹೋಗುವುದೆಂದು ಮೊದಲೇ ಹೇಳಿ, ಹಾಗೆಯೇ ಹೊಡೆದು, ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ತೋರಿಸಿಕೊಟ್ಟ ಪ್ರಸಂಗವು ಈ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ವಿಡಿಯೊ ಆಟದ ಹುಟ್ಟು ಬೇರೊಂದು ಕಡೆಯಲ್ಲಿ ಆಯಿತು. ೧೯೬೨ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸ್ಟೀವ್ ರಸೆಲ್ ಮತ್ತು ಅವರ ಸಂಗಡಿಗರು ಪಿಡಿಪಿ-೧ ಎಂಬ ಗಣಕಯಂತ್ರದ ಮೇಲೆ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದರು. ೧೯೭೧ರಲ್ಲಿ ಇದರ ಎರಡು ಮಕ್ಕಳು ಹೊರಬಂದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ನಿಲ್ಲಿಸಿದ 'ಗ್ಯಾಲಕ್ಸಿ ಗೇಮ್' ಒಂದು. ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ರೂಪಿಸಿದ 'ಕಂಪ್ಯೂಟರ್ ಸ್ಪೇಸ್' ಇನ್ನೊಂದು. ಎರಡಕ್ಕೂ ನಾಣ್ಯ ಹಾಕುವ ಕಂಡಿ ಇತ್ತು. ಮರುವರ್ಷ ಇವರಿಬ್ಬರೂ ಅಟಾರಿ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿನ ಇಂಜಿನಿಯರ್ ಅಲನ್ ಆಲ್ಕಾರ್ನ್ ರಚಿಸಿದ 'ಪಾಂಗ್' ಯಂತ್ರವನ್ನು ಕ್ಯಾಲಿಫೋರ್ನಿಯದ ಸನಿವೇಲ್ ಪಟ್ಟಣದ ಒಂದು ಮದ್ಯದಂಗಡಿಯಲ್ಲಿ ಪರೀಕ್ಷೆಗಾಗಿ ಇಡಲಾಯಿತು. ಕೆಲವು ದಿನಗಳಲ್ಲಿಯೇ ಅದು ಕೆಟ್ಟುನಿಂತಿತೆಂಬ ದೂರು ಬಂದು, ಹೋಗಿ ನೋಡಿದರೆ ನಾಣ್ಯದ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು ಎಂಬ ಕಥೆ ಬಳಕೆಯಲ್ಲಿದೆ.

೨

ವೈಭವಕಾಲವೆಂದು ಹೇಳಬಹುದಾದುದು ೧೯೭೮ರಲ್ಲಿ ಜಪಾನಿನಲ್ಲಿ ಆರಂಭವಾಯಿತು. ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ಎಂಬವರು ರಚಿಸಿದ 'ಸ್ಪೇಸ್ ಇನ್‌ವೇಡರ್ಸ್' ಎಂಬ ಆಟವು ಆ ದೇಶದಲ್ಲಿ ಎಷ್ಟು ಹರಡಿತೆಂದರೆ, ಆ ಒಂದೇ ಆಟಕ್ಕಾಗಿ ಪ್ರತ್ಯೇಕ ಅಂಗಡಿಗಳು ತೆರೆದುಕೊಂಡವು. ಈ ಆಟದ ಒಂದು ಗುಣವು ಗಮನಾರ್ಹವಾಗಿದೆ. ಮೇಲಿನಿಂದ ಸಾಲಾಗಿ ಇಳಿದುಬರುವ ಶತ್ರುಗಳು ಸತ್ತು ಕಡಮೆಯಾದಂತೆಲ್ಲ ಉಳಿದವರ ವೇಗ ಹೆಚ್ಚುತ್ತದೆ. ಯಂತ್ರದ ಮಿದುಳಿಗೆ ಬಿಡಿಸಬೇಕಾದ ಆಕೃತಿಗಳು ಕಡಮೆಯಾದಾಗ ಅದು ತಾನಾಗಿ ವೇಗವನ್ನು ಪಡೆಯುತ್ತಿತ್ತು. ನಿಶಿಕಾಡೊ ಅವರು ಇದನ್ನು ತಿದ್ದದೆ ಆಟದ ರಸವನ್ನಾಗಿಯೇ ಉಳಿಸಿಕೊಂಡರು.

ಅಲ್ಲಿಂದ ಮುಂದೆ ವರ್ಷವರ್ಷವೂ ಹೊಸ ಆಟಗಳು ಬಂದವು. ೧೯೭೯ರಲ್ಲಿ 'ಆಸ್ಟರಾಯ್ಡ್ಸ್', ೧೯೮೦ರಲ್ಲಿ ನಾಮ್ಕೊ ಸಂಸ್ಥೆಯ ತೊರು ಇವಾತಾನಿ ಅವರ 'ಪ್ಯಾಕ್‌ಮನ್', ೧೯೮೧ರಲ್ಲಿ ಶಿಗೆರು ಮಿಯಾಮೊಟೊ ಅವರ 'ಡಾಂಕಿ ಕಾಂಗ್', ಅದೇ ವರ್ಷ ಡೋನಾ ಬೇಲಿ ಮತ್ತು ಎಡ್ ಲಾಗ್ ಅವರ 'ಸೆಂಟಿಪೀಡ್'. ೧೯೮೨ರ ಜನವರಿಯಲ್ಲಿ 'ಟೈಮ್' ಪತ್ರಿಕೆಯು ಈ ವಿಷಯವನ್ನು ತನ್ನ ಮುಖಪುಟಕ್ಕೆ ಏರಿಸಿತು. ೧೯೮೧ರಲ್ಲಿ ಅಮೆರಿಕನರು ಈ ಯಂತ್ರಗಳಿಗೆ ೨,೦೦೦ ಕೋಟಿ ಕ್ವಾರ್ಟರ್ ನಾಣ್ಯಗಳನ್ನು, ಎಂದರೆ ೫೦೦ ಕೋಟಿ ಡಾಲರುಗಳನ್ನು, ಹಾಕಿದರೆಂಬುದು ಆ ಪತ್ರಿಕೆಯ ಅಂದಾಜು. ಈ ಸಂಖ್ಯೆಯನ್ನು ಲೆಕ್ಕಪತ್ರದ ಸತ್ಯವೆಂದು ಗ್ರಹಿಸುವುದಕ್ಕಿಂತ, ಅಂದಿನವರಿಗೆ ಈ ಆಟವು ಎಷ್ಟು ದೊಡ್ಡದಾಗಿ ಕಂಡಿತ್ತೆಂಬುದಕ್ಕೆ ಸಾಕ್ಷಿಯೆಂದು ಗ್ರಹಿಸುವುದು ಲೇಸು.

ಆರ್ಕೇಡಿನ ಅರ್ಥವ್ಯವಸ್ಥೆಯ ಕೇಂದ್ರದಲ್ಲಿದ್ದುದು ೨೫ ಸೆಂಟುಗಳ ಕ್ವಾರ್ಟರ್ ನಾಣ್ಯ. ಒಂದು ನಾಣ್ಯಕ್ಕೆ ಒಂದು ಆಟ. ಹೊಸಬನ ಆಟವು ಕೆಲವೇ ನಿಮಿಷಗಳಲ್ಲಿ ಮುಗಿದು ಯಂತ್ರವು ಮುಂದಿನ ನಾಣ್ಯಕ್ಕೆ ಸಿದ್ಧವಾಗಬೇಕು. ಹೀಗಾಗಿ ಆಟವು ಮುಂದುವರಿದಂತೆ ಕಠಿನವಾಗುತ್ತ ಹೋಗುವುದು ಕಲೆಯ ನಿಯಮವೂ ಆಗಿತ್ತು, ವ್ಯಾಪಾರದ ನಿಯಮವೂ ಆಗಿತ್ತು. ಯಂತ್ರದ ಒಳಗೆ ಚಿಕ್ಕ ಚಿಕ್ಕ ಸ್ವಿಚ್ಚುಗಳಿದ್ದವು. ಒಂದು ನಾಣ್ಯಕ್ಕೆ ಎಷ್ಟು 'ಜೀವ' ಕೊಡಬೇಕು, ಎಷ್ಟು ಅಂಕಕ್ಕೆ ಹೆಚ್ಚಿನ ಜೀವ ದೊರೆಯಬೇಕು ಎಂಬುದನ್ನು ಅವುಗಳ ಮೂಲಕ ಮಳಿಗೆಯವನೇ ನಿರ್ಧರಿಸುತ್ತಿದ್ದನು. ಆದರೆ ಕೌಶಲವುಳ್ಳವನು ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ನಿಲ್ಲಬಲ್ಲವನಾಗಿದ್ದನು. ಬಡವನಾದ ಹುಡುಗನಿಗೆ ಕೌಶಲವೇ ಸಂಪತ್ತಾಗುತ್ತಿದ್ದುದು ಹೀಗೆ.

ಈ ಕೌಶಲಕ್ಕೆ ಒಂದು ಲಿಪಿಯೂ ಒದಗಿತು. ಎಕ್ಸಿಡಿ ಸಂಸ್ಥೆಯ 'ಸ್ಟಾರ್ ಫೈರ್' (೧೯೭೯) ಎಂಬ ಆಟವು ಹೆಚ್ಚಿನ ಅಂಕ ಪಡೆದವರು ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಪರದೆಯ ಮೇಲೆ ಬರೆಯುವ ಅವಕಾಶವನ್ನು ಕಲ್ಪಿಸಿತು. 'ಆಸ್ಟರಾಯ್ಡ್ಸ್' ಅದನ್ನು ಎಲ್ಲೆಡೆ ಪ್ರಚಾರಕ್ಕೆ ತಂದಿತು. ಮೂರೇ ಮೂರು ಅಕ್ಷರಗಳು. ಅವನ್ನು ಬರೆದವನ ಮುಖವನ್ನು ನೋಡದವರೂ ಆ ಅಕ್ಷರಗಳನ್ನು ಅರಿತಿದ್ದರು. ಅವುಗಳ ಮೇಲೆ ತಮ್ಮ ಅಕ್ಷರಗಳನ್ನು ಏರಿಸಲು ಹವಣಿಸುತ್ತಿದ್ದರು. ಆದರೆ ಆರಂಭಕಾಲದ ಅನೇಕ ಯಂತ್ರಗಳಲ್ಲಿ ಈ ಪಟ್ಟಿಯು ವಿದ್ಯುತ್ತು ಇರುವವರೆಗೆ ಮಾತ್ರ ಉಳಿಯುತ್ತಿತ್ತು. ರಾತ್ರಿ ಯಂತ್ರವನ್ನು ಆರಿಸಿದೊಡನೆ ಅಂದಿನ ಕೀರ್ತಿಯೆಲ್ಲ ಅಳಿದುಹೋಗುತ್ತಿತ್ತು. ಶಾಸನಗಳನ್ನೂ ಕಡತಗಳನ್ನೂ ಆಧರಿಸಿ ಕೆಲಸ ಮಾಡುವ ಇತಿಹಾಸಕಾರನಿಗೆ ಇದಕ್ಕಿಂತ ದುರ್ಬಲವಾದ ಆಕರ ಬೇರೊಂದಿಲ್ಲ.

ಈ ಅಳಿವನ್ನು ತಡೆಯುವ ಯತ್ನವೂ ಆ ಕಾಲದಲ್ಲಿಯೇ ನಡೆಯಿತು. ಅಯೊವ ರಾಜ್ಯದ ಒಟಮ್ವ ಎಂಬ ಸಣ್ಣ ಪಟ್ಟಣದಲ್ಲಿ ವಾಲ್ಟರ್ ಡೇ ಎಂಬವರು ೧೯೮೧ರ ನವೆಂಬರಿನಲ್ಲಿ 'ಟ್ವಿನ್ ಗ್ಯಾಲಕ್ಸೀಸ್' ಎಂಬ ಆರ್ಕೇಡನ್ನು ತೆರೆದರು. ಮರುವರ್ಷದ ಆರಂಭದಿಂದ ದೇಶದ ನಾನಾ ಕಡೆಗಳ ಅತ್ಯುಚ್ಚ ಅಂಕಗಳನ್ನು ದಾಖಲಿಸಿ ಪ್ರಕಟಿಸತೊಡಗಿದರು. ೧೯೮೨ರಲ್ಲಿ ಆ ಪಟ್ಟಣವು ತನ್ನನ್ನು ಜಗತ್ತಿನ ವಿಡಿಯೊ ಆಟದ ರಾಜಧಾನಿಯೆಂದು ಸಾರಿಕೊಂಡಿತು. ಆ ನವೆಂಬರಿನಲ್ಲಿ 'ಲೈಫ್' ಪತ್ರಿಕೆಗಾಗಿ ಅಲ್ಲಿನ ಬೀದಿಯಲ್ಲಿ ಆಟಗಾರರನ್ನೂ ಯಂತ್ರಗಳನ್ನೂ ನಿಲ್ಲಿಸಿ ತೆಗೆದ ಛಾಯಾಚಿತ್ರವು ಆ ಯುಗದ ಪ್ರತಿಮೆಯೇ ಆಗಿಬಿಟ್ಟಿದೆ. ಆ ಚಿತ್ರದಲ್ಲಿ ಆಟಗಾರರೆಲ್ಲರೂ ಹುಡುಗರು. ಹುಡುಗಿಯರು ಉತ್ತೇಜನ ನೀಡುವವರಾಗಿ ಹಿಂದೆ ನಿಂತಿದ್ದಾರೆ. ಇದನ್ನು ನಾವು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

೩

ಇನ್ನು ಅದೇ ಕಾಲದ ಇನ್ನೊಂದು ಬಗೆಯ ದಾಖಲೆಯನ್ನು ನೋಡೋಣ. ಟೆಕ್ಸಾಸಿನ ಮೆಸ್ಕೀಟ್ ನಗರದ ಕಟ್ಟಳೆಯೊಂದು, ತಂದೆತಾಯಿಗಳೋ ಪೋಷಕರೋ ಜೊತೆಯಲ್ಲಿಲ್ಲದೆ ೧೭ ವರ್ಷದೊಳಗಿನವರು ನಾಣ್ಯದ ಯಂತ್ರಗಳಲ್ಲಿ ಆಡಕೂಡದೆಂದು ವಿಧಿಸಿತ್ತು. ಈ ವ್ಯಾಜ್ಯವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೮೨ರಲ್ಲಿ ನ್ಯಾಯಾಲಯವು ವಯಸ್ಸಿನ ಪ್ರಶ್ನೆಯನ್ನು ತಾನು ತೀರ್ಮಾನಿಸದೆ ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸಿತು. ಮ್ಯಾಸಚೂಸೆಟ್ಸಿನ ಮಾರ್ಷ್‌ಫೀಲ್ಡ್ ಎಂಬ ಪಟ್ಟಣವು ಅದೇ ವರ್ಷ ನಾಣ್ಯದ ವಿಡಿಯೊ ಆಟಗಳನ್ನು ಪೂರ್ಣವಾಗಿ ನಿಷೇಧಿಸಿತು. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಜಾರ್ಜ್ ಫೌಲ್ಕ್ಸ್ ಎಂಬ ಸದಸ್ಯರು ೧೯೮೧ರಲ್ಲಿ ಈ ಆಟಗಳನ್ನು ನಿಯಂತ್ರಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಬೇಕೆಂದು ಮಂಡಿಸಿದ ಮಸೂದೆಗೆ ೯೪ ಮತಗಳು ಬಂದವು. ವಿರುದ್ಧವಾಗಿ ೧೧೪ ಮತಗಳು. ಫಿಲಿಪೈನ್ಸಿನಲ್ಲಿ ಫರ್ಡಿನಾಂಡ್ ಮಾರ್ಕೊಸ್ ಸರ್ಕಾರವು ಅದೇ ೧೯೮೧ರಲ್ಲಿ ಈ ಯಂತ್ರಗಳನ್ನು ದೇಶದಲ್ಲೆಲ್ಲ ನಿಷೇಧಿಸಿತು. ಜಪಾನಿನಲ್ಲಿ ೧೯೮೪ರಲ್ಲಿ ತಿದ್ದುಪಡಿಯಾದ ಶಾಸನವು ಗೇಮ್ ಸೆಂಟರುಗಳನ್ನು ರಾತ್ರಿಯ ವಿನೋದವ್ಯವಹಾರಗಳ ಸಾಲಿಗೆ ಸೇರಿಸಿ, ಅವು ತೆರೆದಿರುವ ವೇಳೆಗೆ ಮಿತಿಯನ್ನು ವಿಧಿಸಿತು.

೧೯೮೨ರ ನವೆಂಬರಿನಲ್ಲಿ ಅಮೆರಿಕದ ಸರ್ಜನ್ ಜನರಲ್ ಸಿ. ಎವರೆಟ್ ಕೂಪ್ ಅವರು ವಿಡಿಯೊ ಆಟಗಳಿಂದ ಮಕ್ಕಳಿಗೆ ಕೇಡಾಗುತ್ತಿದೆಯೆಂದು ಸಭೆಯೊಂದರಲ್ಲಿ ನುಡಿದರು. ಆದರೆ ಕೂಡಲೇ ಅದು ತಮ್ಮ ಸ್ವಂತ ಅಭಿಪ್ರಾಯವೆಂದೂ, ವೈಜ್ಞಾನಿಕ ಆಧಾರದ ಮೇಲೆ ನಿಂತುದಲ್ಲವೆಂದೂ ಸ್ಪಷ್ಟಪಡಿಸಿದರು. ಈ ಸಂಗತಿಯು ಅಂದಿನ ಭಯದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. ಭಯವು ಮೊದಲು ಬಂದಿತ್ತು; ಅದಕ್ಕೆ ಬೇಕಾದ ಪ್ರಮಾಣವನ್ನು ಆಮೇಲೆ ಹುಡುಕಬೇಕಾಗಿತ್ತು.

ಈ ಕಟ್ಟಳೆಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಒಂದು ಅಂಶವು ಎದ್ದುಕಾಣುತ್ತದೆ. ಇವು ಮುಖ್ಯವಾಗಿ ನಿರ್ಬಂಧಿಸಿದುದು ಮನೆಯಲ್ಲಿ ಆಡುವುದನ್ನಲ್ಲ. ೧೯೮೨ರಲ್ಲಿ ಅದೇ ಆಟಗಳನ್ನು ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರಗಳು ಅಮೆರಿಕದ ಲಕ್ಷಾಂತರ ಮನೆಗಳಲ್ಲಿದ್ದವು. ಆದರೆ ಮೆಸ್ಕೀಟಾಗಲಿ ಮಾರ್ಷ್‌ಫೀಲ್ಡಾಗಲಿ ಅವನ್ನು ಮುಟ್ಟಲಿಲ್ಲ. ಎಂದ ಮೇಲೆ ಭಯದ ವಸ್ತು ಆಟವಲ್ಲ, ಆಟ ನಡೆಯುತ್ತಿದ್ದ ಸ್ಥಳ. ಶಾಲೆಗೂ ಮನೆಗೂ ನಡುವೆ, ಗುರುವಿನ ಕಣ್ಣಿಗೂ ತಂದೆಯ ಕಣ್ಣಿಗೂ ಬೀಳದೆ, ಬೇರೆ ಬೇರೆ ಕೇರಿಗಳ ಹುಡುಗರು ಗುರುತುಪರಿಚಯವಿಲ್ಲದೆ ಕೂಡುತ್ತಿದ್ದ ಒಂದು ಅರೆಗತ್ತಲೆಯ ಕೋಣೆ ಅದು.

೪

ವೈಭವವು ಇಳಿದುದು ಈ ಕಟ್ಟಳೆಗಳಿಂದಲ್ಲ. ಅಮೆರಿಕದಲ್ಲಿ ೧೯೮೨ರ ಹೊತ್ತಿಗೆ ಮಳಿಗೆಗಳು ಜನರ ಆಸಕ್ತಿಗಿಂತ ಹೆಚ್ಚಾಗಿ ಬೆಳೆದಿದ್ದವು. ೧೯೮೩ರಲ್ಲಿ ಇಳಿತವು ಸ್ಪಷ್ಟವಾಯಿತು. ಒಟಮ್ವದ ಟ್ವಿನ್ ಗ್ಯಾಲಕ್ಸೀಸ್ ಆರ್ಕೇಡು ಕೂಡ ೧೯೮೪ರಲ್ಲಿ ಮುಚ್ಚಿಹೋಯಿತು. ೧೯೯೧ರಲ್ಲಿ ಕ್ಯಾಪ್ಕಾಮ್ ಸಂಸ್ಥೆಯ 'ಸ್ಟ್ರೀಟ್ ಫೈಟರ್ ೨' ಬಂದಾಗ, ಇಬ್ಬರು ಅಕ್ಕಪಕ್ಕದಲ್ಲಿ ನಿಂತು ಸೆಣಸುವ ಆಟದಿಂದ ಮಳಿಗೆಗಳಿಗೆ ಮತ್ತೆ ಕಳೆ ಬಂತು. ಆದರೆ ೧೯೯೪ರ ಪ್ಲೇಸ್ಟೇಷನ್ ಮುಂತಾದ ಮನೆಯ ಯಂತ್ರಗಳು ಆರ್ಕೇಡಿನ ಯಂತ್ರಗಳಿಗೆ ಸಮನಾಗಿ ನಿಂತ ಮೇಲೆ ಆ ಕಳೆಯೂ ಉಳಿಯಲಿಲ್ಲ.

ಇಳಿತಕ್ಕೆ ನಾಣ್ಯವೂ ಒಂದು ಕಾರಣ. ಎಲ್ಲ ವಸ್ತುಗಳ ಬೆಲೆಯೂ ಏರುತ್ತಿರುವಾಗ ಯಂತ್ರದ ಕಂಡಿಯು ಒಂದೇ ನಾಣ್ಯವನ್ನು ಅರಿತಿತ್ತು. ಅಮೆರಿಕದಲ್ಲಿ ಕ್ವಾರ್ಟರಿಗಿಂತ ದೊಡ್ಡದಾಗಿ ಜನರ ಕೈಯಲ್ಲಿ ಓಡಾಡುವ ನಾಣ್ಯವಿರಲಿಲ್ಲ. ೧೯೭೯ರಲ್ಲಿ ಹೊರಟ ಒಂದು ಡಾಲರಿನ ನಾಣ್ಯವನ್ನು ಜನ ಒಪ್ಪಿಕೊಳ್ಳಲಿಲ್ಲ. ಜಪಾನಿನಲ್ಲಿ ಒಂದು ಆಟಕ್ಕೆ ೧೦೦ ಯೆನ್ ಎಂಬುದು ರೂಢಿಯಾಗಿಬಿಟ್ಟಿತ್ತು. ೧೯೮೯ರಲ್ಲಿ ೩ ಶೇಕಡಾ ಇದ್ದ ಬಳಕೆಯ ತೆರಿಗೆ ೨೦೧೯ರಲ್ಲಿ ೧೦ ಶೇಕಡಾ ಆದಾಗ, ಅಂಗಡಿಯವನು ಬೇರೆ ವ್ಯಾಪಾರಿಗಳಂತೆ ಅದನ್ನು ಗಿರಾಕಿಯ ಮೇಲೆ ಹಾಕಲು ಆಗುತ್ತಿರಲಿಲ್ಲ. ೧೧೦ ಯೆನ್ನಿನ ನಾಣ್ಯವೆಂಬುದು ಇಲ್ಲ. ೧೯೮೬ರಲ್ಲಿ ಆ ದೇಶದಲ್ಲಿ ೨೬,೦೦೦ಕ್ಕೂ ಹೆಚ್ಚಾಗಿದ್ದ ಗೇಮ್ ಸೆಂಟರುಗಳು ೨೦೧೯ರ ಹೊತ್ತಿಗೆ ಸುಮಾರು ೪,೦೦೦ಕ್ಕೆ ಇಳಿದಿದ್ದವು. ೨೦೨೦ರ ಸಾಂಕ್ರಾಮಿಕದ ಪೆಟ್ಟಿನ ಮೇಲೆ, ಈ ಕ್ಷೇತ್ರದ ಹಿರಿಯ ಸಂಸ್ಥೆಯಾದ ಸೆಗಾ ತನ್ನ ಗೇಮ್ ಸೆಂಟರುಗಳ ವ್ಯವಹಾರದ ಬಹುಪಾಲನ್ನು ಅದೇ ವರ್ಷದ ಕೊನೆಯಲ್ಲಿ ಮಾರಿತು. ಉಳಿದುದನ್ನೂ ೨೦೨೨ರಲ್ಲಿ ಬಿಟ್ಟುಕೊಟ್ಟಿತು.

೫

ಇನ್ನು ಹಳಹಳಿಕೆಯ ವಿಚಾರ. ಸ್ವೆಟ್ಲಾನ ಬಾಯ್ಮ್ ಅವರು ೨೦೦೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಭಾವವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಕಳೆದುದನ್ನು ಮತ್ತೆ ಕಟ್ಟಿ ನಿಲ್ಲಿಸಬೇಕೆಂಬುದು ಒಂದು. ಕಳೆದುದು ಕಳೆಯಿತೆಂದು ಅರಿತು ಅದರ ಅರ್ಥವನ್ನು ಚಿಂತಿಸುವುದು ಇನ್ನೊಂದು. ಆರ್ಕೇಡಿನ ನೆನಪಿನಲ್ಲಿ ಮೊದಲನೆಯದೇ ಬಲವಾಗಿದೆ.

ಈ ಪುನರ್ನಿರ್ಮಾಣದ ಪ್ರಯತ್ನಗಳು ಹಲವು. ೧೯೯೭ರಲ್ಲಿ ನಿಕೊಲಾ ಸಾಲ್ಮೊರಿಯ ಎಂಬವರು ಆರಂಭಿಸಿದ 'ಮಾಮೆ' ಎಂಬ ಕಾರ್ಯಕ್ರಮವು ಸಾವಿರಾರು ಹಳೆಯ ಆಟಗಳನ್ನು ಮನೆಯ ಗಣಕಯಂತ್ರದಲ್ಲಿ ಬದುಕಿಸಿದೆ. ನ್ಯೂ ಹ್ಯಾಂಪ್‌ಷೈರಿನ 'ಫನ್‌ಸ್ಪಾಟ್' ಎಂಬ ಹಳೆಯ ವಿನೋದಸ್ಥಳದಲ್ಲಿ ಆರ್ಕೇಡ್ ವಸ್ತುಸಂಗ್ರಹಾಲಯವೊಂದು ಬೆಳೆದಿದೆ. ಇಲಿನಾಯಿನ ಬ್ರುಕ್‌ಫೀಲ್ಡಿನಲ್ಲಿ ೨೦೧೦ರಲ್ಲಿ ತೆರೆದ 'ಗ್ಯಾಲಪಿಂಗ್ ಘೋಸ್ಟ್' ಎಂಬಲ್ಲಿ ಬಾಗಿಲಿನಲ್ಲಿ ಒಮ್ಮೆ ಶುಲ್ಕ ಕೊಟ್ಟರೆ ಎಲ್ಲ ಯಂತ್ರಗಳಲ್ಲಿಯೂ ಆಡಬಹುದು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ೨೦೧೨ರಲ್ಲಿ 'ಪ್ಯಾಕ್‌ಮನ್' ಆಟವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ೨೦೦೪ರಲ್ಲಿ ಬ್ರೂಕ್ಲಿನಿನಲ್ಲಿ ಆರಂಭವಾದ 'ಬಾರ್ಕೇಡ್' ಹಳೆಯ ಯಂತ್ರಗಳನ್ನೂ ಮದ್ಯವನ್ನೂ ಒಂದೆಡೆ ಒದಗಿಸುವ ಪದ್ಧತಿಗೆ ದಾರಿ ತೋರಿತು.

ಇವೆಲ್ಲವೂ ಶ್ಲಾಘ್ಯವಾದ ಕಾರ್ಯಗಳೇ. ಹಳೆಯ ಯಂತ್ರಗಳ ಗಾಜಿನ ಚಿತ್ರನಳಿಕೆಗಳನ್ನು ಇಂದು ಯಾರೂ ತಯಾರಿಸುತ್ತಿಲ್ಲ. ಒಂದು ನಳಿಕೆ ಸತ್ತರೆ ಅದರ ಸ್ಥಾನಕ್ಕೆ ಬೇರೊಂದು ಹಳೆಯ ನಳಿಕೆಯನ್ನು ಹುಡುಕಬೇಕು. ಅಂಥ ದುಡಿಮೆಯಿಲ್ಲದೆ ಈ ಇತಿಹಾಸದ ಮೂಲವಸ್ತುವೇ ನಾಶವಾಗುತ್ತಿತ್ತು. ಆದರೆ ಉಳಿದುದು ಯಾವುದು, ಬಿಟ್ಟುಹೋದುದು ಯಾವುದು ಎಂಬುದನ್ನು ಇತಿಹಾಸಕಾರನು ಬೇರ್ಪಡಿಸಿ ನೋಡಬೇಕು.

ಮೊದಲನೆಯದಾಗಿ, ನೆನಪಿನಿಂದ ನಾಣ್ಯವು ಬಿಟ್ಟುಹೋಗಿದೆ. 'ಮಾಮೆ'ಯಲ್ಲಿ ನಾಣ್ಯ ಹಾಕುವುದೆಂದರೆ ಕೀಲಿಮಣೆಯ ೫ನೆಯ ಅಂಕಿಯನ್ನು ಒತ್ತುವುದು. ಎಷ್ಟು ಬಾರಿಯಾದರೂ ಒತ್ತಬಹುದು. ಸೋತರೆ ಕೈಯ ನಾಣ್ಯ ಹೋಗುವುದೆಂಬ ಅಳುಕು ಇಲ್ಲದಿರುವಾಗ ಆಟವು ಅದೇ ಆಟವಾಗಿರುವುದಿಲ್ಲ. ಎರಡನೆಯದಾಗಿ, ನೆನಪು ಹೊಸ ಸಂಗತಿಗಳನ್ನು ಕೂಡಿಸಿಕೊಂಡಿದೆ. 'ಸ್ಪೇಸ್ ಇನ್‌ವೇಡರ್ಸ್' ಕಾಲದಲ್ಲಿ ಜಪಾನಿನಲ್ಲಿ ೧೦೦ ಯೆನ್ನಿನ ನಾಣ್ಯಗಳಿಗೇ ಅಭಾವ ಬಂದಿತೆಂಬ ಕಥೆಯು ಅನೇಕ ಬರಹಗಳಲ್ಲಿ ನಿಜವೆಂಬಂತೆ ಬಂದಿದೆ. ಟಂಕಸಾಲೆಯ ಲೆಕ್ಕವು ಇದನ್ನು ಸಮರ್ಥಿಸುವುದಿಲ್ಲ. ೧೯೭೮ರಲ್ಲಿ ಅಚ್ಚಾದ ನಾಣ್ಯಗಳು ಹಿಂದಿನ ವರ್ಷಕ್ಕಿಂತ ಕಡಮೆಯೇ. ಮೂರನೆಯದಾಗಿ, ನೆನಪು ಯಾರದೆಂಬ ಪ್ರಶ್ನೆಯಿದೆ. 'ಪ್ಯಾಕ್‌ಮನ್' ಆಟವನ್ನು ಹೆಂಗಸರೂ ಬಂದು ಆಡಲೆಂಬ ಉದ್ದೇಶದಿಂದಲೇ ರಚಿಸಿದುದಾಗಿ ಇವಾತಾನಿ ಹೇಳಿದ್ದಾರೆ. 'ಸೆಂಟಿಪೀಡ್' ಆಟದ ಕರ್ತೃಗಳಲ್ಲಿ ಒಬ್ಬರು ಹೆಂಗಸು. ಆದರೂ ಆರ್ಕೇಡು ಹುಡುಗರ ಲೋಕವೆಂಬ ಕಲ್ಪನೆ ಬೇರೂರಿತು. ಒಟಮ್ವದ ಛಾಯಾಚಿತ್ರವು ಅದನ್ನು ಸ್ಥಿರಗೊಳಿಸಿದ ಬಗೆಯನ್ನು ಕಾರ್ಲಿ ಕೊಕ್ಯುರೆಕ್ ಅವರು ೨೦೧೫ರ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಎಲ್ಲರೂ ಕೂಡುತ್ತಿದ್ದ ಕೋಣೆಯೆಂದು ಇಂದು ಹಲವರು ನೆನೆಯುವ ಕೋಣೆಯ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ.

ಇಷ್ಟನ್ನು ಕಳೆದ ಮೇಲೂ ಒಂದು ತಿರುಳು ಉಳಿಯುತ್ತದೆ. ನ್ಯೂಯಾರ್ಕಿನ ಚೈನಾಟೌನ್ ಭಾಗದಲ್ಲಿದ್ದ 'ಚೈನಾಟೌನ್ ಫೇರ್' ಎಂಬ ಹಳೆಯ ಆರ್ಕೇಡು ೨೦೧೧ರಲ್ಲಿ ಮುಚ್ಚಿತು. ೨೦೧೨ರಲ್ಲಿ ಹೊಸ ರೂಪದಲ್ಲಿ ತೆರೆಯಿತು. ಅದನ್ನು ಕುರಿತ 'ದಿ ಲಾಸ್ಟ್ ಆರ್ಕೇಡ್' (೨೦೧೫) ಎಂಬ ಸಾಕ್ಷ್ಯಚಿತ್ರದಲ್ಲಿ ಹಳೆಯ ಆಟಗಾರರ ಮಾತು ಯಂತ್ರಗಳಿಗಿಂತ ಹೆಚ್ಚಾಗಿ ಅಲ್ಲಿ ಕೂಡುತ್ತಿದ್ದ ಜನರ ಸುತ್ತ ಸುತ್ತುತ್ತದೆ. ಜಪಾನಿನ ಗೇಮ್ ಸೆಂಟರುಗಳಲ್ಲಿ ಗಿರಾಕಿಗಳು ಒಬ್ಬರಿಗೊಬ್ಬರು ಬರೆದಿಡಲೆಂದು ಒಂದು ನೋಟ್‌ಬುಕ್ಕನ್ನು ಇಡುವ ಪದ್ಧತಿ ಇತ್ತು. ಆಟದ ಗುಟ್ಟು, ಸವಾಲು, ಚಿತ್ರ, ಕುಶಲಪ್ರಶ್ನೆ ಎಲ್ಲವೂ ಅದರಲ್ಲಿ ಸೇರುತ್ತಿದ್ದವು. ಯಂತ್ರದ ಪರದೆಯ ಮೇಲಿನ ಮೂರಕ್ಷರಗಳು ಅಳಿದರೂ ಈ ಪುಸ್ತಕಗಳು ಉಳಿದ ಕಡೆ, ಇತಿಹಾಸಕಾರನಿಗೆ ಅವು ಯಂತ್ರಗಳಿಗಿಂತ ಬೆಲೆಯುಳ್ಳ ಆಕರಗಳೆಂದು ನಾವು ಭಾವಿಸುತ್ತೇವೆ.

೬

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿರ್ಣಯ ಇದು: ೧೯೮೨ರಲ್ಲಿ ಪುರಸಭೆಗಳು ಯಾವುದಕ್ಕೆ ಹೆದರಿದವೋ, ಇಂದು ನಡುವಯಸ್ಸನ್ನು ದಾಟಿದವರು ಹಂಬಲಿಸುತ್ತಿರುವುದು ಅದನ್ನೇ. ಎಳೆಯರು ತಾವಾಗಿ ಕೂಡುವ, ಹಿರಿಯರ ಕಾವಲಿಲ್ಲದ, ಅಲ್ಪವೆಚ್ಚದ ಒಂದು ಸಾರ್ವಜನಿಕ ಸ್ಥಳವೇ ಈ ಎರಡು ಭಾವಗಳಿಗೂ ವಸ್ತು. ಭಯವೂ ಹಳಹಳಿಕೆಯೂ ಒಂದೇ ನಾಣ್ಯದ ಎರಡು ಮುಖಗಳು. ಆದಕಾರಣ ಆ ಕಾಲದ ಕಟ್ಟಳೆಗಳನ್ನೂ ನ್ಯಾಯಾಲಯದ ಕಡತಗಳನ್ನೂ ಆರ್ಕೇಡಿನ ವೈರಿಗಳ ದಾಖಲೆಗಳೆಂದು ಬದಿಗಿಡುವುದು ಸರಿಯಲ್ಲ. ಆ ಕೋಣೆಯಲ್ಲಿ ನಿಜವಾಗಿ ಏನಿತ್ತೆಂಬುದನ್ನು ಅದರ ಪ್ರಿಯರಷ್ಟೇ ಸ್ಪಷ್ಟವಾಗಿ ಅದರ ವೈರಿಗಳೂ ಕಂಡಿದ್ದರು.

ಮಾರ್ಷ್‌ಫೀಲ್ಡಿನ ಜನ ೨೦೧೪ರಲ್ಲಿ ಮತ ಹಾಕಿ ಆ ನಿಷೇಧವನ್ನು ತೆಗೆದುಹಾಕಿದರು. ೩೨ ವರ್ಷಗಳ ಮೇಲೆ ಭಯ ತೀರಿತ್ತು. ಅಷ್ಟರಲ್ಲಿ ಭಯಪಡಬೇಕಾದ ವಸ್ತುವೂ ತೀರಿತ್ತು. ಇತ್ತ ಹಳೆಯ ಯಂತ್ರಗಳನ್ನು ಪ್ರೀತಿಯಿಂದ ನಿಲ್ಲಿಸಿರುವ ಅಮೆರಿಕದ ಮದ್ಯಶಾಲೆಗಳಲ್ಲಿ ಹಲವಕ್ಕೆ ೨೧ ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಮೆಸ್ಕೀಟಿನ ಕಟ್ಟಳೆ ೧೭ ವರ್ಷದೊಳಗಿನವರನ್ನು ತಡೆಯಲು ಯತ್ನಿಸಿತು. ಆ ಯುಗವನ್ನು ಮತ್ತೆ ಕಟ್ಟಹೊರಟವರು ಅದಕ್ಕಿಂತ ನಾಲ್ಕು ವರ್ಷ ಹೆಚ್ಚಿನ ಮಿತಿಯನ್ನು ತಾವೇ ಇಟ್ಟುಕೊಂಡಂತಾಯಿತು. ಯಂತ್ರವನ್ನು ಉಳಿಸಿಕೊಂಡು ಯಾರಿಗಾಗಿ ಆ ಯಂತ್ರವಿತ್ತೋ ಅವರನ್ನು ಹೊರಗಿಟ್ಟ ಸ್ಮಾರಕವಿದು.

ಇದರಿಂದ ಪುನರ್ನಿರ್ಮಾಣದ ಕೆಲಸ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಯಂತ್ರಗಳನ್ನು ಉಳಿಸುವವರು ಯಂತ್ರಗಳನ್ನು ಉಳಿಸಲಿ. ಅವುಗಳ ಸುತ್ತ ನಿಂತಿದ್ದವರ ಮಾತು, ನೋಟ್‌ಬುಕ್ಕು, ಮಳಿಗೆಯ ಲೆಕ್ಕದ ಪುಸ್ತಕ, ಪುರಸಭೆಯ ನಡವಳಿಯ ದಾಖಲೆ ಇವುಗಳನ್ನು ಕೂಡಿಸುವ ಕಾರ್ಯವು ಇನ್ನೂ ಬಹುಮಟ್ಟಿಗೆ ಉಳಿದಿದೆ. ೧೯೮೨ರಲ್ಲಿ ಹದಿನೈದು ವರ್ಷದವರಾಗಿದ್ದವರು ಇಂದು ಅರುವತ್ತರ ಅಂಚಿನಲ್ಲಿದ್ದಾರೆ. ಅವರಿಂದ ಕೇಳಿ ಬರೆದುಕೊಳ್ಳಬೇಕಾದುದನ್ನು ಅವರಿರುವಾಗಲೇ ಬರೆದುಕೊಳ್ಳಬೇಕು.